ಸಾಹೇಬರು ಸಿಂಗಾಪುರದಲ್ಲಿ ಆಡದ ಮಾತು

ಶಹಾಪುರ: ಹೊರಡುವ ಮೊದಲು

ಸಿಂಗಾಪುರಕ್ಕೆ ಹೋಗಿಬಂದವರು ಮೊಟ್ಟಮೊದಲು ಅಲ್ಲಿಯ ರಸ್ತೆ ಎಷ್ಟು ಸ್ವಚ್ಛ ಎಂದು ಹೇಳುತ್ತಾರೆ. ನಾನೂ ಹೇಳಿ ಮುಗಿಸಿಬಿಡುತ್ತೇನೆ. ಸ್ವಚ್ಛವಾಗಿದೆ. ನಮ್ಮ ನೀರಾವರಿ ಸಾಹೇಬರು ಎಲೆಯಡಿಕೆ ಹಾಕಿಕೊಂಡು, ಉಗುಳಲು ಜಾಗ ಸಿಗದೆ, ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಓಡಾಡಿದರು. ನಾಲ್ಕು ದಿನದಲ್ಲಿ ನನಗೆ ಸಿಕ್ಕ ನೆಮ್ಮದಿ ಆ ಅರ್ಧ ಗಂಟೆ ಮಾತ್ರ.

ನಾನು ಶಹಾಪುರದಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ. ಕಾಲುವೆಗೂ ನನಗೂ ಇರುವ ಸಂಬಂಧವೆಂದರೆ, ಅದು ಬಂದ ಮೇಲೆ ನಮ್ಮ ಓಣಿಯಲ್ಲಿ ಸೊಳ್ಳೆ ಹೆಚ್ಚಾದದ್ದು. ಆದರೆ ಸಿಂಗಾಪುರದಲ್ಲಿ ನೀರಿನ ಹಂಚಿಕೆ ಕುರಿತು ಒಂದು ದೊಡ್ಡ ಸಮ್ಮೇಳನವಿತ್ತು. ಅದಕ್ಕೆ ಶರಣಮ್ಮನನ್ನು ಕರೆದಿದ್ದರು. ಶರಣಮ್ಮನಿಗೆ ಇಂಗ್ಲಿಷ್ ಬಾರದು. ಹಾಗಾಗಿ ಆಕೆಯ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನಾನು ಬೇಕಾದೆ.

ಶರಣಮ್ಮ ನಮ್ಮ ಕಡೆಯ ಒಂದು ಉಪಕಾಲುವೆಯ ಕಟ್ಟಕಡೆಯ ಹಳ್ಳಿಯವಳು. ನಾಲ್ಕೆಕರೆ ಹೊಲ, ನೀರು ಬಳಸುವವರ ಸಂಘದ ಅಧ್ಯಕ್ಷಗಿರಿ. ಹಳ್ಳಿಯ ಹೆಸರು ಬರೆಯುವುದಿಲ್ಲ. ಕಾಲುವೆಯ ಮೇಲ್ಭಾಗದವರು ಓದಿದರೆ ನನಗೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಸಿಗುವುದು ಕಷ್ಟವಾದೀತು. ಆ ಮೇಲ್ಭಾಗದವರು ನೀರು ಬಿಟ್ಟ ದಿನವೇ ಕಾಲುವೆಗೆ ಅಡ್ಡ ಕಲ್ಲು ಇಟ್ಟು, ಭತ್ತದ ಗದ್ದೆಯಲ್ಲಿ ಮೊಳಕಾಲುದ್ದ ನೀರು ನಿಲ್ಲಿಸಿಕೊಳ್ಳುತ್ತಾರೆ. ಕೊನೆಯ ಹಳ್ಳಿಗಳವರು ಅದೇ ಸಿಮೆಂಟು ಕಾಲುವೆಯಲ್ಲಿ ಶೇಂಗಾ ಒಣಹಾಕುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದನ್ನು ಕಣ್ಣಾರೆ ನೋಡಬೇಕೆಂದರೆ ಅಲ್ಲಿಗೆ ಹೋಗಬೇಕು.

ಎಂದಾದರೂ ಬಂದ ಅಷ್ಟಿಷ್ಟು ನೀರಿಗೆ ಶರಣಮ್ಮ ತನ್ನ ಊರಿನ ಹೊಲಗಾಲುವೆಯ ಮಟ್ಟಿಗೆ ಒಂದು ಪದ್ಧತಿ ತಂದಿದ್ದಳು. ಎಲ್ಲಕ್ಕಿಂತ ಕಡೆಯ ಹೊಲ ಮೊದಲು ಕುಡಿಯಬೇಕು. ಆಮೇಲೆ ಅದರ ಹಿಂದಿನದು, ಆಮೇಲೆ ಅದರ ಹಿಂದಿನದು. ತೂಬಿನ ಬಾಯಲ್ಲೇ ಹೊಲ ಇರುವವನ ಪಾಳಿ ಎಲ್ಲರದೂ ಮುಗಿದ ಮೇಲೆ. ಅವನು ತನ್ನ ಪಾಳಿ ಬೇಗ ಬರಲೆಂದು ತಾನೇ ಕಾವಲು ಕೂತು ನೀರನ್ನು ಕೆಳಕ್ಕೆ ಅಟ್ಟುತ್ತಾನೆ. ಕಳ್ಳನ ಕೈಗೆ ಕೀಲಿ ಕೊಟ್ಟರೆ ಕೆಡುಕು ಅನ್ನುತ್ತಾರೆ. ಶರಣಮ್ಮ ಕೀಲಿ ಕೊಟ್ಟೇ ಅವನನ್ನು ಕಾವಲುಗಾರನನ್ನಾಗಿ ಮಾಡಿದ್ದಳು.

ಇದೇ ಪದ್ಧತಿಯನ್ನು ಇಡೀ ಉಪಕಾಲುವೆಗೆ ತಂದರೆ ಕೊನೆಯ ಆರೇಳು ಹಳ್ಳಿಗೆ ನೀರು ಮುಟ್ಟುತ್ತದೆ. ಅದಕ್ಕೆ ಬೇಕಾದದ್ದು ನೀರಾವರಿಯ ದೊಡ್ಡ ಸಾಹೇಬರ ಒಂದು ಆದೇಶ. ಮೂರು ವರ್ಷ ಶರಣಮ್ಮ ಅವರ ಕಚೇರಿಯ ಬೆಂಚಿನ ಮೇಲೆ ಕೂತಳು. ಮೂರು ವರ್ಷವೂ ಸಾಹೇಬರು ಮೀಟಿಂಗಿನಲ್ಲಿದ್ದರು. ಆಕೆಯ ಪದ್ಧತಿಯನ್ನು ಇಂಗ್ಲಿಷಿನಲ್ಲಿ ಬರೆಸಿ, ಕೆಳಗೆ ತಮ್ಮ ಹೆಸರು ಹಾಕಿ, ಸಿಂಗಾಪುರಕ್ಕೆ ಕಳಿಸಲು ಮಾತ್ರ ಪುರುಸೊತ್ತು ಸಿಕ್ಕಿತ್ತು. ಆ ರೈತ ಮಹಿಳೆಯನ್ನೂ ಕರೆತನ್ನಿ ಎಂದು ಅಲ್ಲಿಯವರು ಬರೆದದ್ದು ಸಾಹೇಬರ ಗ್ರಹಚಾರ.

“ಅಷ್ಟ ದೂರ ಯಾಕ ಹೋಗ್ತೀರಿ ಶರಣಮ್ಮಾ?” ಎಂದು ಕೇಳಿದ್ದೆ.

“ಇಲ್ಲಿ ಸಾಹೇಬ್ರು ಸಿಗಂಗಿಲ್ರಿ ಮಾಸ್ತರ, ಅಲ್ಲಿ ಸಿಗ್ತಾರ. ಹತ್ತ ಮಂದಿ ಎದುರಿಗೆ ಕೇಳ್ತೀನಿ, ಮುಂದಿನ ಹಂಗಾಮಿಗೆ ಆರ್ಡರ್ ಮಾಡ್ತೀರೋ ಇಲ್ಲೋ ಅಂತ. ಹತ್ತ ಮಂದಿ ಎದುರಿಗೆ ಇಲ್ಲ ಅನ್ನಾಕ ಅವ್ರಿಗೆ ಬಾಯಿ ಬರ್ತದೇನ್ರಿ?”

ಸಮ್ಮೇಳನದ ಅಚ್ಚಾದ ಪಟ್ಟಿಯಲ್ಲೂ ಹಾಗೇ ಇತ್ತು. ಎರಡನೆಯ ದಿನ ಮೂರು ಗಂಟೆಗೆ ಶರಣಮ್ಮನ ಮಾತು, ಅದಾದ ಕೂಡಲೇ ಅದಕ್ಕೆ ಸಾಹೇಬರ ಉತ್ತರ. ಆಕೆ ಆ ಕಾಗದವನ್ನು ಮಡಚಿ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

ಸಾಹೇಬರು ಮೈಸೂರು ಕಡೆಯವರು. ನಮ್ಮ ಕಡೆಗೆ ವರ್ಗವಾಗಿ ಬಂದದ್ದನ್ನು ಸರಕಾರ ತಮಗೆ ಕೊಟ್ಟ ಶಿಕ್ಷೆ ಎಂದೇ ತಿಳಿದವರು. ಶಿಕ್ಷೆ ಯಾರಿಗೆ ಎಂಬುದರಲ್ಲಿ ನಮಗೂ ಅವರಿಗೂ ಭಿನ್ನಾಭಿಪ್ರಾಯವಿದೆ. ಹೈದರಾಬಾದಿಗೆ ಹೋಗಲು ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ, ಮಡದಿಯ ಎದುರಿಗೇ ನನಗೆ ಗುಟ್ಟು ಬಿಚ್ಚಿದರು.

“ಮೇಷ್ಟ್ರೇ, ಸಮ್ಮೇಳನ ಎಲ್ಲೂ ಓಡಿಹೋಗಲ್ಲ. ಅಲ್ಲೊಂದು ಭಾರೀ ಪಾರ್ಕ್ ಇದೆಯಂತೆ. ಅದನ್ನ ನೋಡದೆ ಬಂದ್ರೆ ಜನ ನಗ್ತಾರೆ ಕಣ್ರೀ.”

ಸ್ವಾಮಿಕಾರ್ಯದ ಜೊತೆಗೆ ಸ್ವಕಾರ್ಯ ಎನ್ನುವುದುಂಟು. ಇವರ ಪೆಟ್ಟಿಗೆಯಲ್ಲಿ ಈಜುವ ಚಡ್ಡಿ ಮೇಲಿತ್ತು, ಸಮ್ಮೇಳನದ ಕಾಗದ ಕೆಳಗಿತ್ತು.

ಮೊದಲ ದಿನ: ಸಮ್ಮೇಳನ

ಸಮ್ಮೇಳನದ ಸಭಾಂಗಣದಲ್ಲಿ ಚಳಿಯೋ ಚಳಿ. ಹೊರಗೆ ನಮ್ಮ ಮೇ ತಿಂಗಳಿನಂಥ ಬಿಸಿಲು, ಒಳಗೆ ಸ್ವೆಟರು. ಶರಣಮ್ಮ ಹೋಟೆಲಿನ ದಪ್ಪ ಟವೆಲನ್ನು ಹೊದ್ದುಕೊಂಡು ಕೂತಳು. ಸಾಹೇಬರ ಮಡದಿಗೆ ನಾಚಿಕೆಯಾಗಿ ಎರಡು ಸಾಲು ಹಿಂದಕ್ಕೆ ಹೋದರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಜರ್ಮನ್ ಪ್ರಾಧ್ಯಾಪಕನೂ ಟವೆಲು ಹೊದ್ದು ಬಂದ.

ಅಲ್ಲಿಯವರು ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಿಂದ, ತಲೆಬಾಗಿಸಿ, ಪ್ರಸಾದ ಕೊಟ್ಟಂತೆ ಕೊಡುತ್ತಾರೆ. ಸಾಹೇಬರು ತಂದ ಒಂದು ಡಬ್ಬಿ ಕಾರ್ಡು ಮೊದಲ ಚಹಾ ಹೊತ್ತಿಗೇ ಮುಗಿಯಿತು. ಚಹಾ ದಿನಕ್ಕೆ ನಾಲ್ಕು ಸಲ. ಎರಡು ಚಹಾಗಳ ನಡುವೆ ಯಾರಾದರೂ ಒಬ್ಬರು ನೀರಿನ ಬಗ್ಗೆ ಮಾತಾಡುತ್ತಿದ್ದರು.

ಅಂಥ ಒಬ್ಬರು ನಲವತ್ತು ನಿಮಿಷ ಪರದೆಯ ಮೇಲೆ ಗೆರೆ ಗೆರೆಯ ಚಿತ್ರ ತೋರಿಸಿದರು. ನಾನು ಪಿಸುಮಾತಿನಲ್ಲಿ ಶರಣಮ್ಮನಿಗೆ ಸಾರ ಹೇಳಿದೆ: ಕಾಲುವೆಯ ತಲೆಯಲ್ಲಿರುವವರಿಗೆ ಹೆಚ್ಚು ನೀರು ಸಿಗುತ್ತದೆ, ಕೊನೆಯಲ್ಲಿರುವವರಿಗೆ ಕಡಿಮೆ ಸಿಗುತ್ತದೆ.

“ಇದನ್ನ ತಿಳಕೊಳ್ಳಾಕ ಇವ್ರು ಎಷ್ಟ ವರ್ಷ ಓದ್ಯಾರ್ರಿ?”

“ಇಪ್ಪತ್ತ ವರ್ಷ ಅಂತ.”

“ನಮ್ಮ ಹೊಲಕ್ಕ ಬಂದಿದ್ರ ಒಂದ ದಿನದಾಗ ತಿಳೀತಿತ್ತಲ್ರಿ,” ಎಂದು ಟವೆಲನ್ನು ಇನ್ನಷ್ಟು ಬಿಗಿಮಾಡಿಕೊಂಡಳು.

ಚಪ್ಪಾಳೆ ಬಿತ್ತು. ಸಾಹೇಬರೂ ಎದ್ದುನಿಂತು ಹೊಡೆದರು. ಅವರು ಅಷ್ಟು ಹೊತ್ತು ಕಣ್ಣು ಮುಚ್ಚಿ ಕೇಳುತ್ತಿದ್ದರು, ಒಂದೆರಡು ಸಲ ಮೂಗಿನಿಂದಲೂ ಸದ್ದು ಬಂದಿತ್ತು.

ಎರಡನೆಯ ದಿನ: ಪಾರ್ಕು

ಸಾಹೇಬರ ಲೆಕ್ಕಾಚಾರ ಸರಳವಾಗಿತ್ತು. ಬೆಳಿಗ್ಗೆ ಪಾರ್ಕು, ಎರಡಕ್ಕೆ ವಾಪಸು, ಮೂರಕ್ಕೆ ಸಭೆ. ನನಗೆ ಬರುವ ಮನಸ್ಸಿರಲಿಲ್ಲ. ಐವತ್ತೆರಡು ವರ್ಷದವನು ತಿರುಗುವ ಮರದ ಕುದುರೆ ಹತ್ತಿ ಏನು ಸಾಧಿಸಬೇಕು? ಹೊರಡಿಸಿದವಳು ಶರಣಮ್ಮ. “ಸಾಹೇಬ್ರನ್ನ ಕಣ್ಣ ಮುಂದಿಂದ ಬಿಡಬಾರದ್ರಿ ಮಾಸ್ತರ. ಮೂರು ವರ್ಷಕ್ಕ ಕೈಗೆ ಸಿಕ್ಕಾರ.”

ಪಾರ್ಕಿನ ಬಾಗಿಲಲ್ಲೇ ಒಂದು ಗುಡ್ಡ. ನಾನು ಶಹಾಪುರದ ಗುಡ್ಡದ ನೆರಳಿನಲ್ಲಿ ಬೆಳೆದವನು, ಬಂಡೆ ಎಂದರೆ ನನಗೆ ಗೌರವ. ಹೋಗಿ ಬೆರಳಿನಿಂದ ತಟ್ಟಿದೆ. ಡಬಡಬ ಎಂದಿತು. ಪ್ಲಾಸ್ಟಿಕ್ಕು ಹಚ್ಚಿ, ಬಣ್ಣ ಬಳಿದು, ಪಾಚಿಯನ್ನೂ ಬಣ್ಣದಲ್ಲೇ ಬರೆದಿದ್ದರು. ಅದರ ಮುಂದೆ ಅಷ್ಟು ದೇಶದ ಜನ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಮ್ಮೂರಿನ ನಿಜವಾದ ಗುಡ್ಡವನ್ನು ನಾವು ಜಲ್ಲಿ ಮಾಡಿ ಲಾರಿಗೆ ತುಂಬುತ್ತೇವೆ ಎಂಬುದು ನೆನಪಾಗಿ, ಅವರ ಮೇಲೆ ಬಂದ ತಾತ್ಸಾರದಲ್ಲಿ ಸ್ವಲ್ಪ ನಮ್ಮ ಪಾಲಿಗೂ ಇಟ್ಟುಕೊಂಡೆ.

ಗುಡ್ಡದ ಸುತ್ತ ಹೊಳೆ. ಹೊಳೆಯಲ್ಲಿ ದುಂಡನೆಯ ರಬ್ಬರು ದೋಣಿ. ಕೂತವರನ್ನು ಅದು ಗಿರಗಿರ ತಿರುಗಿಸಿ, ಜಲಪಾತದ ಕೆಳಗೆ ತಂದು, ತೊಯ್ಯಿಸಿ ಬಿಡುತ್ತದೆ. ಇದು ಆ ಪಾರ್ಕಿನ ಹೆಮ್ಮೆ. ಶರಣಮ್ಮ ದಂಡೆಯ ಕಬ್ಬಿಣದ ಕಟಾಂಜನ ಹಿಡಿದು ನೀರನ್ನೇ ನೋಡುತ್ತ ನಿಂತಳು. ಹೊಳೆಯ ಗುಂಟ ನಡೆದು ಹೋಗಿ, ಒಂದು ಸುತ್ತು ಹಾಕಿ, ಹೊರಟಲ್ಲಿಗೇ ಬಂದಳು.

“ಇದರ ಕೊನಿ ಎಲ್ಲೂ ಇಲ್ರಿ ಮಾಸ್ತರ. ಇದ್ದ ನೀರನ್ನ ಪಂಪ್ ಹಚ್ಚಿ ತಿರುಗ್ಯಾಡಸ್ತಾರ.”

“ಹೌದು.”

“ಮತ್ತ ಇದರಿಂದ ಏನ ಬೆಳೀತಾರ್ರಿ?”

ಏನೂ ಬೆಳೆಯುವುದಿಲ್ಲ ಎಂದೆ. ಆಕೆ ನನ್ನನ್ನು ನಂಬಲಿಲ್ಲ ಎಂದು ಕಾಣುತ್ತದೆ. ಅಷ್ಟರಲ್ಲಿ ಪಕ್ಕದ ಅಂಗಡಿಯಲ್ಲಿ ಜನ ಪ್ಲಾಸ್ಟಿಕ್ ರೇನ್‌ಕೋಟು ಕೊಳ್ಳುವುದು ಕಂಡಿತು. “ತೊಯ್ಯಾಕ ರೊಕ್ಕ ಕೊಡ್ತಾರ, ಆಮ್ಯಾಲ ತೊಯ್ಯಬಾರದಂತ ಮತ್ತ ರೊಕ್ಕ ಕೊಡ್ತಾರ! ಇವ್ರಿಗೆ ಹುಚ್ಚ ಹಿಡದದೇನ್ರಿ?” ಎಂದು ಜೋರಾಗಿಯೇ ಕೇಳಿದಳು.

ಆ ದೋಣಿಗೆ ಎರಡು ಸಾಲು. ಒಂದರಲ್ಲಿ ನಮ್ಮಂಥವರು. ಇನ್ನೊಂದು, ಹೆಚ್ಚು ಹಣ ತೆತ್ತು ಕೈಗೆ ಕೆಂಪು ಪಟ್ಟಿ ಕಟ್ಟಿಸಿಕೊಂಡವರದು. ಅವರು ನಿಲ್ಲುವುದೇ ಇಲ್ಲ, ನೇರವಾಗಿ ದೋಣಿಗೇ. ಸಾಹೇಬರ ಕೈಯಲ್ಲೂ ಮಡದಿಯ ಕೈಯಲ್ಲೂ ಕೆಂಪು ಪಟ್ಟಿ ಇತ್ತು. “ನೀವು ನಿಧಾನವಾಗಿ ಬನ್ನಿ ಮೇಷ್ಟ್ರೇ,” ಎಂದು ಕೈಬೀಸಿ ಒಳಗೆ ಹೋದರು. ಕಾಲುವೆಯ ಮೇಲ್ಭಾಗದವರು ಎಲ್ಲ ದೇಶದಲ್ಲೂ ಇದ್ದಾರೆ.

ನಮ್ಮ ಸಾಲಿನ ಮುಂದೆ ಒಂದು ಬೋರ್ಡು: ಇಲ್ಲಿಂದ ಇನ್ನೂ ತೊಂಬತ್ತು ನಿಮಿಷ. ಶರಣಮ್ಮನಿಗೆ ಮೊಳಕಾಲು ನೋವು. ಸಾಲು ಬಿಟ್ಟರೆ ಸಾಹೇಬರು ಇಳಿದು ಬರುವ ಬಾಗಿಲು ಕಾಣುವುದಿಲ್ಲ. ಆಗ ಆಕೆ, ನಮ್ಮೂರಿನ ಗೊಬ್ಬರದ ಅಂಗಡಿಯ ಮುಂದೆ ಮಾಡುವುದನ್ನು ಮಾಡಿದಳು. ಹವಾಯಿ ಚಪ್ಪಲಿ ಬಿಚ್ಚಿ, ಜೋಡಿಸಿ, ಸಾಲಿನಲ್ಲಿ ಇಟ್ಟಳು. “ನೀವೂ ಇಡ್ರಿ. ನೆಳ್ಳಿಗೆ ಕೂಡೂಣು, ಪಾಳಿ ಬಂದಾಗ ಬರೂಣು.”

ಯೂರಿಯಾ ಬಂದ ದಿನ ಶಹಾಪುರದಲ್ಲಿ ಬೆಳಗಾಗುವ ಮೊದಲೇ ಇನ್ನೂರು ಜೊತೆ ಚಪ್ಪಲಿ ಸಾಲುಗಟ್ಟಿ ನಿಂತಿರುತ್ತವೆ. ಮನುಷ್ಯರು ಬೇವಿನ ಗಿಡದ ಕೆಳಗೆ ಕೂತು ಬೀಡಿ ಸೇದುತ್ತಾರೆ. ಚಪ್ಪಲಿಯ ಪಾಳಿಯನ್ನು ಮೀರಿದವನು ಊರಿನಲ್ಲಿಲ್ಲ. ಹಾಗಾಗಿ ನಾನು, ಇಂಗ್ಲಿಷ್ ಮಾಸ್ತರ, ಎರಡು ಭಾಷೆಯ ಬುದ್ಧಿ ಉಳ್ಳವನು ಎಂದು ತಿಳಿದವನು, ಪ್ರವಾಸಕ್ಕೆಂದೇ ಕೊಂಡ ಹೊಸ ಬೂಟನ್ನು ಬಿಚ್ಚಿ ಶರಣಮ್ಮನ ಚಪ್ಪಲಿಯ ಹಿಂದೆ ಇಟ್ಟೆ. ಅನುಮಾನ ಕೂಡ ಬರಲಿಲ್ಲ.

ನಮ್ಮ ಹಿಂದಿದ್ದವರು ಚಪ್ಪಲಿಯನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, ಸುತ್ತಿ ಮುಂದೆ ಹೋದರು. ಹತ್ತು ನಿಮಿಷಕ್ಕೆ ಕೈಗವಸು ಹಾಕಿದ ಇಬ್ಬರು ಬಂದು, ಸತ್ತ ಇಲಿಯನ್ನು ಎತ್ತಿದಂತೆ ಎತ್ತಿ, ಚೀಲಕ್ಕೆ ಹಾಕಿಕೊಂಡು ನಡೆದರು. “ಏ, ನಮ್ಮ ಪಾಳಿ! ನಮ್ಮ ಪಾಳಿ!” ಎಂದು ಶರಣಮ್ಮ ಬರಿಗಾಲಲ್ಲಿ ಓಡಿದಳು. ಹಿಂದೆ ನಾನು, ಕಾಲುಚೀಲದಲ್ಲಿ.

ಕಳೆದ ವಸ್ತುಗಳ ಕಿಟಕಿ

ಆ ಚೀಲ ಹೋಗಿ ಸೇರಿದ ಕಿಟಕಿ ಪಾರ್ಕಿನ ಹೊರಬಾಗಿಲ ಪಕ್ಕದಲ್ಲಿತ್ತು. ಕಿಟಕಿಯಲ್ಲಿ ಕೂತ ತಮಿಳು ಹೆಂಗಸು ನಗದೆ ಫಾರಂ ಕೊಟ್ಟಳು. ವಸ್ತುವಿನ ಬಣ್ಣ, ಗುರುತು, ಕಳೆದದ್ದು ಹೇಗೆ? ಕಳೆದಿಲ್ಲ, ನಾವೇ ನಿಲ್ಲಿಸಿದ್ದು ಎಂದೆ. ಚಪ್ಪಲಿಯನ್ನು ಯಾಕೆ ನಿಲ್ಲಿಸಿದಿರಿ? ನಮ್ಮ ಬದಲಿಗೆ. ಆಕೆ ಪೆನ್ನು ಕೆಳಗಿಟ್ಟು, ಬಗ್ಗಿ ನನ್ನ ಕಾಲುಚೀಲವನ್ನು ನೋಡಿದಳು. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದರ ಫಲ ಇದು ಎಂದು ನನಗೆ ಮೈಯೆಲ್ಲ ಉರಿಯಿತು.

ಕಡೆಗೆ ಎರಡು ಪಾರದರ್ಶಕ ಚೀಲ ಬಂದವು, ಬಾಯಿಗೆ ಮುದ್ರೆ, ಮೇಲೆ ನಂಬರು. ಒಂದರಲ್ಲಿ ನನ್ನ ಬೂಟು. ಇನ್ನೊಂದರಲ್ಲಿ ಶರಣಮ್ಮನ ಚಪ್ಪಲಿ, ಎಡಗಾಲಿನ ಪಟ್ಟಿಗೆ ಪಿನ್ನು ಹಾಕಿದ್ದು.

ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಸಾಹೇಬರಿಗೆ ಫೋನು ಮಾಡಿದೆ. ಹಿಂದೆ ಜನರ ಕಿರುಚಾಟ, ಸಂಗೀತ.

“ಮೇಷ್ಟ್ರೇ, ಇಲ್ಲಿ ಡಾಲ್ಫಿನ್ ಶೋ ಇದೆ ಕಣ್ರೀ! ಆಮೇಲೆ ಇವಳು ಇನ್ನೊಂದ್ಸಲ ದೋಣಿ ಹತ್ತಬೇಕಂತೆ. ನೀವು ಹೋಗಿ ಶುರುಮಾಡಿ. ನಾನು ಬಂದೆ ಅಂದ್ಕೊಳಿ.”

“ಸಾರ್, ಮೂರಕ್ಕ ನಿಮ್ಮ ಉತ್ತರ ಅದ.”

“ಏನೋ ಒಂದು ಆಗುತ್ತೆ ಬಿಡ್ರೀ,” ಎಂದು ಇಟ್ಟುಬಿಟ್ಟರು.

ಶರಣಮ್ಮನಿಗೆ ಹೇಳಿದೆ. ಆಕೆ ಕೂತು ಚಪ್ಪಲಿ ಹಾಕಿಕೊಂಡಳು, ಪಿನ್ನು ಸರಿಯಾಗಿದೆಯೇ ಎಂದು ನೋಡಿದಳು. ಆಮೇಲೆ ಒಮ್ಮೆಲೇ ಆಕೆಯ ಕಣ್ಣಲ್ಲಿ ನೀರು ಬಂತು. “ಇಲ್ಲೂ ಮೀಟಿಂಗಿನ್ಯಾಗ ಅದಾರೇನ್ರಿ?” ಎಂದಳು. ಅಲ್ಲಿಯವರೆಗೆ ನನಗೆ ಸಾಹೇಬರ ಮೇಲೆ ಇದ್ದದ್ದು ತಾತ್ಸಾರ. ಆಗ ಬಂದದ್ದು ಸಿಟ್ಟು.

ಮೂರು ಗಂಟೆಯ ಸಭೆ

ರೈಲಿನಲ್ಲಿ ಬಂದೆವು. ಆ ಊರಿನ ರೈಲಿನಲ್ಲಿ ಪಕ್ಕದವನು ಸತ್ತರೂ ಯಾರೂ ಮಾತಾಡಿಸಲಿಕ್ಕಿಲ್ಲ. ಅಂದು ಅದೂ ಒಳ್ಳೆಯದೇ ಆಯಿತು.

ಸಣ್ಣ ಕೋಣೆ, ನಲವತ್ತು ಜನ. ಅಧ್ಯಕ್ಷೆ ಫಿಲಿಪೈನ್ಸಿನ ಒಬ್ಬ ಗಟ್ಟಿ ಹೆಂಗಸು, ಬೆಳ್ಳಿ ಕೂದಲು, ಮುಂದೆ ಗಂಟೆ. ವೇದಿಕೆಯ ಮೇಲೆ ಒಂದು ಕುರ್ಚಿ ಖಾಲಿ, ಅದರ ಮುಂದೆ ಸಾಹೇಬರ ಹೆಸರಿನ ಹಲಗೆ, ಮುಚ್ಚಳ ತೆಗೆಯದ ನೀರಿನ ಬಾಟಲಿ.

ಶರಣಮ್ಮ ಕಾಗದವಿಲ್ಲದೆ ಮಾತಾಡಿದಳು. “ನಮ್ಮ ಮನ್ಯಾಗ ಬಡಸಾಕಿ ಕಡೀಗೆ ಉಣ್ತಾಳ್ರಿ. ಹಂಗಾಗಿ ಎಲ್ಲರಿಗೂ ಮುಟ್ಟತದ. ಬಡಸಾಕಿ ಮೊದಲ ಉಂಡ್ರ ಕಡೀ ಪಂಕ್ತಿಗೆ ಬರೇ ಸಾರು. ಕಾಲುವಿಗೂ ಇದ ಮಾತ್ರಿ. ನಮ್ಮೂರಾಗ ತೂಬಿನ ಬಾಯಾಗಿನ ಹೊಲದವ ಯಾರಂದ್ರ ನನ್ನ ಖಾಸ ಮೈದುನ. ಮೊದಲನೇ ವರ್ಷ ನನಗ ಬೈದ. ಈಗ ತಾನ ಸಲಿಕಿ ಹಿಡದು ಕಾಯ್ತಾನ. ಮ್ಯಾಲಿನ ಊರಾಗೂ ಹಿಂಗ ಆಗಲಿ. ಅದಕ್ಕ ಸಾಹೇಬ್ರು ಒಂದ ಆರ್ಡರ್ ಮಾಡಬೇಕು. ಮಾಡ್ತಾರೋ ಇಲ್ಲೋ, ಇಷ್ಟ ನನ್ನ ಸವಾಲು.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹಿಂದಿನ ದಿನ ಗೆರೆ ಗೆರೆಯ ಚಿತ್ರ ತೋರಿಸಿದ್ದ ಪ್ರಾಧ್ಯಾಪಕರು ಬರೆದುಕೊಳ್ಳುತ್ತಿದ್ದರು. ಅಧ್ಯಕ್ಷೆ ಖಾಲಿ ಕುರ್ಚಿಯ ಕಡೆ ತಿರುಗಿ, ಉತ್ತರ ಕೊಡಬೇಕಾದವರು ಎಲ್ಲಿ ಎಂದು ಕೇಳಿದಳು.

ಏನು ಕೇಳಿದರೆಂದು ಶರಣಮ್ಮನಿಗೆ ಹೇಳಿದೆ. ಆಕೆ ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು.

“ಸಾಹೇಬ್ರ ಉತ್ತರ ನೀವ ಹೇಳ್ರಿ ಮಾಸ್ತರ. ಒಪ್ಪ್ಯಾರ ಅನ್ರಿ.”

“ಸುಳ್ಳ ಆಗತದಲ್ಲ ಶರಣಮ್ಮಾ.”

“ಬಂದು ಸುಳ್ಳ ಅನ್ಲಿ. ಸುಳ್ಳ ಅನ್ನಬೇಕಂದ್ರ ಆ ಹೊತ್ತಿನಾಗ ತಾವು ಎಲ್ಲಿದ್ರು ಅನ್ನೂದು ಮೊದಲ ಹೇಳಬೇಕಲ್ರಿ.”

ನನ್ನ ನೌಕರಿ ಇನ್ನೂ ಎಂಟು ವರ್ಷವಿತ್ತು. ಸಾಹೇಬರು ಮನಸ್ಸು ಮಾಡಿದರೆ ನನ್ನನ್ನು ರಾಜ್ಯದ ಆ ತುದಿಗೆ ಎತ್ತಿಹಾಕಿಸಬಲ್ಲರು. ಎದ್ದು ನಿಂತು, ಸಾಹೇಬರು ತುರ್ತು ಕೆಲಸದ ಮೇಲೆ ಈಗಷ್ಟೇ ಹೊರಗೆ ಹೋಗಬೇಕಾಯಿತು, ಉತ್ತರವನ್ನು ನನ್ನ ಕೈಲಿ ಕೊಟ್ಟಿದ್ದಾರೆ ಎಂದೆ. ಬರುವ ಹಂಗಾಮಿನಿಂದ ಇಡೀ ಉಪಕಾಲುವೆಯಲ್ಲಿ ಕಡೆಯ ಹಳ್ಳಿಗೆ ಮೊದಲ ಪಾಳಿ, ಆದೇಶ ಹೊರಡಿಸುತ್ತೇವೆ, ಇದೇ ಅವರ ಉತ್ತರ ಎಂದೆ.

ಅಧ್ಯಕ್ಷೆ ಕನ್ನಡಕ ಏರಿಸಿಕೊಂಡು, ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಎರಡನೆಯ ಸಲ ಸುಳ್ಳು ಸಲೀಸಾಗಿ ಬಂತು. ಆಕೆ ಒಂದೊಂದೇ ಪದ ಬರೆದುಕೊಂಡಳು, ಜನ ಚಪ್ಪಾಳೆ ತಟ್ಟಿದರು.

ಸಂಜೆಯ ಚಹಾ

ಸಾಹೇಬರು ಐದೂವರೆಗೆ ಬಂದರು, ತಲೆಗೂದಲು ಇನ್ನೂ ಒದ್ದೆ. ಮಡದಿ ಒಂದು ಫೋಟೊ ತೋರಿಸಿದರು. ದೋಣಿ ಜಲಪಾತಕ್ಕೆ ಬೀಳುವಾಗ ಪಾರ್ಕಿನ ಕ್ಯಾಮೆರಾ ತಾನಾಗಿ ತೆಗೆಯುತ್ತದಂತೆ. ಸಾಹೇಬರ ಬಾಯಿ ಬಾವಿಯಷ್ಟು ತೆರೆದಿತ್ತು, ಎರಡೂ ಕೈ ಮೇಲೆ. ಮೂಲೆಯಲ್ಲಿ ತಾರೀಖು, ಹೊತ್ತು: ಮೂರು ಗಂಟೆ ಹನ್ನೆರಡು ನಿಮಿಷ.

“ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ?” ಎಂದರು ಮಡದಿ.

“ಭಾಳ ಚಲೋ ಬಂದದ್ರಿ,” ಎಂದೆ. ಮನಸ್ಸಿನಿಂದಲೇ ಹೇಳಿದ ಮಾತು.

ಅಷ್ಟರಲ್ಲಿ ಅಧ್ಯಕ್ಷೆ ನೇರವಾಗಿ ಸಾಹೇಬರ ಬಳಿ ಬಂದಳು. ಎರಡೂ ಕೈಯಿಂದ ಅವರ ಕೈ ಹಿಡಿದು, ಇಂಥ ಧೈರ್ಯದ ಉತ್ತರವನ್ನು ತಾನು ಯಾವ ಅಧಿಕಾರಿಯಿಂದಲೂ ಕೇಳಿಲ್ಲ, ನಿರ್ಣಯಗಳಲ್ಲಿ ಅಚ್ಚು ಹಾಕಿಸುತ್ತೇನೆ, ಸರಕಾರಕ್ಕೂ ಒಂದು ಪ್ರತಿ ಕಳಿಸುತ್ತೇನೆ ಎಂದಳು. ಸುತ್ತ ಇದ್ದವರೂ ಬಂದು ಕೈಕುಲುಕಿದರು. ಸಾಹೇಬರು ನಗುತ್ತ, ತಲೆಯಾಡಿಸುತ್ತ, ಯಾವ ಉತ್ತರ ಎಂದು ತಿಳಿಯದೆ ನನ್ನ ಕಡೆ ತಿರುಗಿದರು.

ನಾನು ಕನ್ನಡದಲ್ಲಿ ಹೇಳಿದೆ. ಮುಖದ ನಗು ಹಾಗೇ ಉಳಿಯಿತು, ಬಣ್ಣ ಹೋಯಿತು. ಅವರು ಬಾಯಿ ತೆರೆದರು. ಮಡದಿಯ ಕೈಯಲ್ಲಿದ್ದ ಫೋಟೊ ಕಂಡಿತು. ಅದನ್ನು ಮೆಲ್ಲಗೆ ಕಸಿದುಕೊಂಡು, ಮಡಚಿ, ಸಮ್ಮೇಳನದ ಚೀಲದ ತಳಕ್ಕೆ ಹಾಕಿದರು.

“ನಿಮ್ಮನ್ನ ನೋಡ್ಕೋತೀನಿ ಮೇಷ್ಟ್ರೇ,” ಎಂದು ಹಲ್ಲಿನ ಸಂದಿಯಿಂದ ಅಂದು, ಅಧ್ಯಕ್ಷೆಯ ಕಡೆಗೆ ತಿರುಗಿ ಇಂಗ್ಲಿಷಿನಲ್ಲಿ, “ಅದು ನನ್ನ ಕರ್ತವ್ಯ,” ಎಂದರು.

ಕಾಲುವೆಯ ಕೊನೆ

ಅವರು ನನ್ನನ್ನು ನೋಡಿಕೊಳ್ಳಲಿಲ್ಲ. ಪುರುಸೊತ್ತಾಗಲಿಲ್ಲ. ನಿರ್ಣಯದ ಪ್ರತಿ ಸರಕಾರಕ್ಕೆ ಮುಟ್ಟಿತು, ಮೇಲಿನಿಂದ ಶಾಭಾಸ್ ಎಂದು ಕಾಗದ ಬಂತು, ಆ ಶಾಭಾಸ್‌ಗಿರಿಗೆ ತಕ್ಕ ಆದೇಶವನ್ನು ಸಾಹೇಬರು ಹೊರಡಿಸಲೇಬೇಕಾಯಿತು. ಮೇಲ್ಭಾಗದವರು ಕಚೇರಿಗೆ ಹೋಗಿ ಕೂಗಾಡಿದರು. ಸಾಹೇಬರು ಸಿಂಗಾಪುರದ ಅಚ್ಚಾದ ಪುಸ್ತಕ ತೋರಿಸಿ, ಅಂತರರಾಷ್ಟ್ರೀಯ ಮಾತು, ಹಿಂದೆಗೆಯಲಾಗದು ಎಂದರಂತೆ. ಜೀವನದಲ್ಲಿ ಮೊದಲ ಸಲ ಅವರು ಮೇಲ್ಭಾಗದವರಿಗೆ ಇಲ್ಲ ಅಂದದ್ದು.

ಹಂಗಾಮು ಶುರುವಾಗಿ ನಾಲ್ಕನೆಯ ದಿನ ಶರಣಮ್ಮನ ಊರಿಗೆ ನೀರು ಬಂತು. ಕೆಂಪಗೆ, ಕಸಕಡ್ಡಿ ಹೊತ್ತುಕೊಂಡು, ಸಿಮೆಂಟಿನ ಬಿರುಕುಗಳಲ್ಲಿ ಗುಳುಗುಳು ಎನ್ನುತ್ತ. ಸುದ್ದಿ ಕೇಳಿ ನಾನು ಬಸ್ಸಿನಲ್ಲಿ ಹೋದೆ, ಸಾಹೇಬರು ಜೀಪಿನಲ್ಲಿ ಬಂದರು, ಹಿಂದೆ ಪೇಪರಿನ ಇಬ್ಬರು. ದಂಡೆಯ ಮೇಲೆ ನಿಂತು ಭಾಷಣ ಮಾಡಿದರು. ಕೊನೆಯ ರೈತನ ಕಣ್ಣೀರು ತಮ್ಮ ನಿದ್ದೆ ಕೆಡಿಸಿತ್ತಂತೆ, ಸಿಂಗಾಪುರದ ತುಂಬಿದ ಸಭೆಯಲ್ಲಿ ತಡೆಯಲಾರದೆ ಎದ್ದು ನಿಂತು ಮಾತು ಕೊಟ್ಟರಂತೆ. ಹೇಳುತ್ತ ಹೇಳುತ್ತ ಅವರಿಗೇ ಅದು ನಿಜವೆನ್ನಿಸತೊಡಗಿತ್ತು.

“ಹೇಳಿ ಶರಣಮ್ಮ,” ಎಂದರು, “ನೀವೇ ಅಲ್ಲಿದ್ದಿರಲ್ಲ. ಅವತ್ತು ನಾನು ಏನು ಮಾತು ಕೊಟ್ಟೆ, ಇವರಿಗೆಲ್ಲ ಹೇಳಿ.”

ಶರಣಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಖರೇ ಅದ್ರಿ ಸಾಹೇಬ್ರ. ಇದೊಂದ ಹಂಗಾಮ ಅಲ್ಲ, ಇನ್ನ ಮುಂದ ಪ್ರತಿ ಹಂಗಾಮಿಗೂ ಇದ ಪಾಳಿ ಅಂದ್ರಿ. ಕಾಲುವಿ ಒಡದಲ್ಲೆಲ್ಲ ಬ್ಯಾಸಿಗ್ಯಾಗ ರಿಪೇರಿ ಮಾಡಸ್ತೀನಿ ಅಂದ್ರಿ.”

ಪೇಪರಿನವರು ಬರೆದುಕೊಂಡರು. ಸಾಹೇಬರು ನನ್ನನ್ನು ನೋಡಿದರು. ನಾನು ನೀರನ್ನು ನೋಡಿದೆ.

“ಹೌದು,” ಎಂದರು ಸಾಹೇಬರು, ಉಗುಳು ನುಂಗಿ. “ಅಂದಿದ್ದೆ.”

“ಇನ್ನೂ ಒಂದ ಮಾತ ಅಂದಿದ್ರಿ,” ಎಂದಳು ಶರಣಮ್ಮ.